ಮಲೆನಾಡಲ್ಲಿ ಶಿಕಾರಿ ಯಾವಾಗ, ಯಾಕೆ ನಿಂತೋಯ್ತು? ಗೊತ್ತಿದ್ದೋರು ಬರೀರಿ

ಕೊಪ್ಪದ ಹುಡುಗ:
ಎಲ್ರಿಗೂ ನಮಸ್ಕಾರ. ನಮ್ಮನೇಲಿ ಅಜ್ಜನ ಕಾಲದ, ನಳಿಗೆಗೆ ಮದ್ದು ತುಂಬಿ ಹೊಡೆಯೋ ಕೇಪಿನ ಕೋವಿ ಒಂದಿದೆ, ಬೆಳೆ ರಕ್ಷಣೆ ಲೈಸೆನ್ಸು, ಎಲೆಕ್ಷನ್ ಬಂದಾಗ ಸ್ಟೇಷನ್ನಿಗೆ ಕೊಟ್ಟು ಆಮೇಲೆ ವಾಪಸ್ ತರೋದು ಬಿಟ್ರೆ ಅದಕ್ಕೆ ಬೇರೆ ಕೆಲಸ ಇಲ್ಲ. ಹಳು (ಪೊದೆಕಾಡು) ನುಗ್ಗೋದು, ಬಿಲ್ಲಿಗೆ ಕೂರೋದು, ಮರಸು ಅಂತೆಲ್ಲ ಅಜ್ಜ ಹೇಳೋರು, ಈಗ ಊರಲ್ಲಿ ಆ ಮಾತೇ ಕೇಳಲ್ಲ. ಶಿಕಾರಿ ಮಾಡೋಕೆ ಕೇಳ್ತಿಲ್ಲ, ಅದು ಅಪರಾಧ ಅಂತ ಗೊತ್ತು. ಊರಿಗೆ ಊರೇ ಸೇರಿ ಮಾಡ್ತಿದ್ದ ಪದ್ಧತಿ ಹೆಂಗೆ ನಿಂತೋಯ್ತು, ಬರೀ 1972ರ ವನ್ಯಜೀವಿ ಸಂರಕ್ಷಣಾ ಕಾನೂನಿಂದನಾ?

ತುಂಗೆ ದಂಡೆ:
ಬರೀ ಕಾನೂನಿಂದ ಅಲ್ಲ ತಮ್ಮಾ. ನಮ್ಮ ತೀರ್ಥಹಳ್ಳಿ ಕಡೆ ಒಂದಷ್ಟು ಜನ ನಾಯಿ ಬಿಟ್ಕೊಂಡು ಕೂಗು ಹಾಕ್ತಾ ಹಳು ನುಗ್ತಿದ್ರು, ಕೋವಿ ಇದ್ದೋರು ಮಿಗ (ಕಾಡುಪ್ರಾಣಿ) ದಾಟೋ ಕಂಡಿಗಳಲ್ಲಿ ಬಿಲ್ಲಿಗೆ, ಅಂದ್ರೆ ಹೊಂಚು ಹಾಕಿ, ಕೂತಿರ್ತಿದ್ರು. ಮರಸು ಬೇರೆ, ಅದು ಹಣ್ಣು ಉದುರೋ ಮರದ ಮೇಲೆ ರಾತ್ರಿಯೆಲ್ಲಾ ಒಬ್ರೋ ಇಬ್ರೋ ಕಾಯೋದು. ಹಂದಿ ಬಿತ್ತು ಅಂದ್ರೆ ಈಡು ಹೊಡೆದೋನಿಗೆ ಹೆಚ್ಚಿನ ಪಾಲು, ನಾಯಿಗೂ ಪಾಲು, ಕೂಗು ಹಾಕೋಕೆ ಬಂದ ಹುಡುಗನಿಗೂ ಪಾಲು. ಆದ್ರೆ ಒಂದು ಮರೀಬಾರ್ದು, ಕೋವಿ ಇರ್ತಿದ್ದಿದ್ದು ಹೆಚ್ಚಾಗಿ ಜಮೀನ್ದಾರರ ಮನೇಲಿ, ಮುಳ್ಳಲ್ಲಿ ಮೈ ಕೊಟ್ಟು ಹಳು ನುಗ್ತಿದ್ದೋರು ಅವರ ಒಕ್ಕಲು, ಆಳುಗಳು. 1974ರ ಭೂಸುಧಾರಣೆ ಆದ್ಮೇಲೆ ಗೇಣಿದಾರರಿಗೆ ಭೂಮಿ ಬಂತು, ಕರೆದ ತಕ್ಷಣ ಓಡೋಗೋ ಕಾಲ ಮುಗೀತು. ಅದು ಒಳ್ಳೇದೇ ಆಯ್ತು ಅಂತೀನಿ ನಾನು.

ಹಳೇ ಮೈಸೂರಿನವನು:
ಮೇಲಿನವರು ಹೇಳಿದ್ದು ಸರಿ, ಆದ್ರೆ ಕಾನೂನು ಬರೋ ಹೊತ್ತಿಗೆ ಎಷ್ಟೋ ಕಾಡಲ್ಲಿ ಮಿಗಾನೇ ಕಮ್ಮಿ ಆಗಿತ್ತು ಅನ್ನೋದನ್ನೂ ಸೇರಿಸಿ. ತೋಟೆ (ಕಾರ್ಟ್ರಿಜ್) ಹಾಕಿ ಹೊಡೆಯೋ ಕೋವಿ, ಜೀಪು, ಹೆಡ್‌ಲೈಟು ಬಂದ್ಮೇಲೆ ಪೇಟೆಯವರು ರಾತ್ರಿ ರಸ್ತೇಲಿ ಹೋಗ್ತಾ ಕಣ್ಣು ಹೊಳೆದಲ್ಲಿಗೆಲ್ಲ ಗುಂಡು ಹೊಡೀತಿದ್ರು, ಅದು ಗಬ್ಬದ ಕಡವೆಯೋ ಮರಿಯೋ ನೋಡ್ತಿರ್ಲಿಲ್ಲ. ದೊಡ್ಡೋರ ಶಿಕಾರಿ ಇನ್ನೊಂದು ಕಥೆ, ಹೊಡೆದ ಹುಲಿ ಚರ್ಮಕ್ಕೆ ಜೀವ ಬಂದಂಗೆ ಹದ ಮಾಡಿಕೊಡೋಕೆ ಮೈಸೂರಲ್ಲಿ ವ್ಯಾನ್ ಇಂಗೆನ್ ಫ್ಯಾಕ್ಟರೀನೇ ಇತ್ತು. ಬಂಡೀಪುರ ಮಹಾರಾಜರ ಬೇಟೆ ಕಾಡು. ಕಾಕನಕೋಟೆಯ ಕೊನೇ ಖೆಡ್ಡಾ (ಕಾಡಾನೆ ಹಿಂಡನ್ನ ಅಟ್ಟಿ ಹಿಡಿಯೋದು) 1971ರಲ್ಲಿ, ಬಂಡೀಪುರ ಹುಲಿ ಯೋಜನೆಗೆ ಸೇರಿದ್ದು 1973ರಲ್ಲಿ. ಎರಡೇ ವರ್ಷ ನೋಡಿ ನಡುವೆ! ಆ ಕಾನೂನು ಬರದೇ ಇದ್ದಿದ್ರೆ ಇವತ್ತು ಹುಲಿ ಚಿತ್ರದಲ್ಲಿ ಮಾತ್ರ.

ಕೊಡಗಿಂದ:
ನಮ್ಮಲ್ಲಿ ಕೋವಿ ಉಳೀತು, ಬೇಟೆ ಹೋಯ್ತು. ಗಂಡು ಮಗು ಹುಟ್ಟಿದ್ರೆ ಒಂದು ಗುಂಡು, ಸಾವಾದ್ರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸ್ತಿದ್ದ ಜನ ನಾವು. ನಾಟಿ ಮುಗಿಯೋ ತನಕ ಕೋವಿ ಕನ್ನಿಕೊಂಬರೆಯಲ್ಲಿ (ದೇವರ ಕೋಣೆ) ಇಟ್ಟು, ಸೆಪ್ಟೆಂಬರಲ್ಲಿ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿ ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡಿ ಆಮೇಲೆ ಬೇಟೆಗೆ ಹೋಗ್ತಿದ್ರಂತೆ. ಈಗ ಪೂಜೆ ಆದ್ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ, ಕಡಂಬುಟ್ಟು (ಅಕ್ಕಿ ಉಂಡೆ) ಜೊತೆ ಪಂದಿ ಕರಿಗೆ (ಹಂದಿ ಸಾರು) ಸಾಕು ಹಂದಿ. ಕೊಡವರಿಗೂ ಜಮ್ಮಾ ಭೂಮಿ ಇದ್ದೋರಿಗೂ ಇರೋ ಕೋವಿ ಲೈಸೆನ್ಸ್ ವಿನಾಯಿತಿಯನ್ನ 2021ರಲ್ಲಿ ಹೈಕೋರ್ಟು ಎತ್ತಿ ಹಿಡೀತು, ಆದ್ರೆ ಅದು ಕೋವಿ ಇಟ್ಕೊಳ್ಳೋಕೆ ಮಾತ್ರ, ಪ್ರಾಣಿ ಹೊಡೆಯೋಕಲ್ಲ, ಹೊರಗಿನವರು ಇದನ್ನ ಯಾವಾಗ್ಲೂ ತಪ್ಪು ತಿಳ್ಕೊಳ್ತಾರೆ.

ಮೂಡಿಗೆರೆ ತೋಟದವಳು:
ಶಿಕಾರಿ ನಿಂತೋಯ್ತು ಅಂತ ಎಲ್ರೂ ಬರೀತಿದೀರ, ನಿಂತಿಲ್ಲ, ಕದ್ದು ನಡೀತಿದೆ. ಬೈಕಿನ ಕ್ಲಚ್ ವೈರಲ್ಲಿ ಬೇಲಿ ಕಂಡೀಲಿ ಉರುಳು ಹಾಕ್ತಾರೆ, ಹಂದಿಗೆ ಅಂತ ಹಾಕಿದ್ದಕ್ಕೆ ಚಿರತೆ ಸಿಕ್ಕೊಂಡು ಸೊಂಟ ಕುಯ್ದು ಸಾಯತ್ತೆ. ತಿನ್ನೋದರೊಳಗೆ ಇಟ್ಟ ಸಿಡಿಮದ್ದು ಇನ್ನೂ ಘೋರ, ಮೇಯೋಕೆ ಬಿಟ್ಟ ದನ ಕಚ್ಚಿದ್ರೂ ಬಾಯಿ ಛಿದ್ರ. ಹಿಂದೆ ಹೊಡೆದೋನು ಯಾರು ಅಂತ ಊರಿಗೆಲ್ಲ ಗೊತ್ತಿರ್ತಿತ್ತು, ಗಾಯ ಆದ ಹಂದಿ ಹಿಂದೆ ಹೋಗಿ ಹುಡುಕೋರು. ಉರುಳು ಹಾಕಿದೋನು ಯಾರು ಅಂತ ಯಾರಿಗೂ ಗೊತ್ತಾಗಲ್ಲ. ಹಂದಿ ಕಾಟ ಸುಳ್ಳಲ್ಲ, ಗದ್ದೆ ಪಾಳು ಬಿಟ್ಟು ಹಳು ಬೆಳೆದ ಕಡೆಯೆಲ್ಲ ಈಗ ಅವುಗಳದ್ದೇ ಹಕ್ಕೆ (ಮಲಗೋ ಜಾಗ), ಪಕ್ಕದಲ್ಲಿ ಭತ್ತ ಹಾಕಿದೋರು ರಾತ್ರಿ ನಿದ್ದೆಗೆಟ್ಟು ಕಾಯ್ಬೇಕು. ಆದ್ರೂ ಉರುಳು ಬೇಡ. ತೋಟದಲ್ಲಿ ಕಂಡ್ರೆ ಫೋಟೋ ತೆಗೆದು ಫಾರೆಸ್ಟ್‌ನೋರಿಗೆ ತಿಳಿಸಿ.

ಕೊಪ್ಪದ ಹುಡುಗ:
ಎಲ್ರಿಗೂ ಥ್ಯಾಂಕ್ಸ್. ತುಂಗೆ ದಂಡೆ ಅಣ್ಣ, ಹಳು ನುಗ್ತಿದ್ದೋರ ಮನೆಯವರು ನಮ್ಮೂರಲ್ಲಿ ಇನ್ನೂ ಇದಾರೆ, ಅವರ ಕಡೆಯಿಂದ ಪಾಲಿನ ಲೆಕ್ಕ ಹೆಂಗಿತ್ತು ಅಂತ ಕೇಳಿ ಇಲ್ಲೇ ಹಾಕ್ತೀನಿ.