ಪಿಯಾನೋಗೆ ಅಷ್ಟೊಂದು ಬೆಲೆ ಯಾಕೆ?

ಕುಂಬಳೆಯ ಅಮ್ಮ:
ಮಗಳು ಕೀಬೋರ್ಡ್ ಕಲಿಯುತ್ತಿದ್ದಾಳೆ. ಇನ್ನು ನಿಜವಾದ ಪಿಯಾನೋ ಬೇಕು ಅಂತ ಟೀಚರ್ ಹೇಳಿದರು. ಮಂಗಳೂರಲ್ಲಿ ರೇಟು ಕೇಳಿ ಗಾಬರಿಯಾಯಿತು. ನೋಡಿದರೆ ಮರ, ತಂತಿ, ಕಬ್ಬಿಣ. ದುಡ್ಡೆಲ್ಲ ಬ್ರ್ಯಾಂಡಿಗೇನಾ?

ಬದಿಯಡ್ಕದ ಬಡಗಿ:
ಬ್ರ್ಯಾಂಡಿಗೂ ಹೋಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಒಳಗಿನ ಕೆಲಸ ನೋಡಿದವರು ಹಾಗೆ ಕೇಳುವುದಿಲ್ಲ. ಹಳೇ ಪಿಯಾನೋ ರಿಪೇರಿ ಮಾಡುವವನು ನಾನು. ಅಪ್‌ರೈಟಿನ, ಅಂದರೆ ನೆಟ್ಟಗೆ ನಿಂತ ಪಿಯಾನೋದ, ಕೆಳಗಿನ ಹಲಗೆ ತೆಗೆದರೆ ಎರಕದ ಕಬ್ಬಿಣದ ಚೌಕಟ್ಟು ಕಾಣುತ್ತದೆ. 88 ಕೀಗೆ ಸುಮಾರು 220 ತಂತಿ, ಎಲ್ಲದರ ಎಳೆತ ಸೇರಿದರೆ 15ರಿಂದ 20 ಟನ್. ಬರೀ ಮರ ಅದನ್ನು ತಡೆಯುವುದಿಲ್ಲ. ಇಡೀ ಚೌಕಟ್ಟನ್ನು ಒಂದೇ ಎರಕದಲ್ಲಿ ಮಾಡುವುದಕ್ಕೆ 1825ರಲ್ಲೇ ಅಮೆರಿಕದ ಬಾಸ್ಟನ್ನಿನಲ್ಲಿ ಪಿಯಾನೋ ಮಾಡುತ್ತಿದ್ದ ಬ್ಯಾಬ್‌ಕಾಕ್ ಪೇಟೆಂಟ್ ಪಡೆದ.

ಚೌಕಟ್ಟಿನ ಹಿಂದೆ ಸೌಂಡ್‌ಬೋರ್ಡ್, ತಂತಿಯ ಸದ್ದನ್ನು ದೊಡ್ಡದು ಮಾಡುವ ಹಲಗೆ. ಸ್ಪ್ರೂಸ್ ಮರ, ಗಂಟಿರಬಾರದು, ಗೆರೆ ಒತ್ತಾಗಿರಬೇಕು. ಅಂಥ ಹಲಗೆ ಆರಿಸುವಾಗ ಎಷ್ಟೋ ಮರ ಬದಿಗೆ ಹೋಗುತ್ತದೆ. ಮದ್ದಳೆಗೆ ಹಲಸಿನ ಮರ ಒಣಗಿಸಿಡುತ್ತಾರಲ್ಲ, ಹಾಗೇ ಇದಕ್ಕೂ ಕಾಯಬೇಕು. ಆ ಕಾಯುವಿಕೆಯೂ ದುಡ್ಡೇ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೀ ಒತ್ತಿದಾಗ ತಂತಿಗೆ ಬಡಿಯುವ ಸುತ್ತಿಗೆಗಳ ಕೆಲಸ. ಪುಟ್ಟ ಮರದ ತುದಿಗೆ ಬಿಗಿಯಾಗಿ ಒತ್ತಿದ ಉಣ್ಣೆಯ ಫೆಲ್ಟ್. ಸ್ವರ ಕರ್ಕಶ ಇದ್ದರೆ ಅದಕ್ಕೆ ಸೂಜಿ ಚುಚ್ಚಿ ಮೆತ್ತಗೆ ಮಾಡುತ್ತಾರೆ. ಜಾಸ್ತಿ ಚುಚ್ಚಿದರೆ ಸ್ವರ ಮಂಕಾಗುತ್ತದೆ. ಒಂದೊಂದನ್ನೂ ಕೇಳಿ ಕೇಳಿ ಚುಚ್ಚಬೇಕು. ಹೊಸ ತಂತಿ ಹಿಗ್ಗುತ್ತಲೇ ಇರುತ್ತದೆ, ಅದಕ್ಕೆ ಕಾರ್ಖಾನೆಯಲ್ಲೇ ಮತ್ತೆ ಮತ್ತೆ ಟ್ಯೂನ್ ಮಾಡುತ್ತಾರೆ. ಸ್ಟೈನ್‌ವೇ ಕಂಪನಿಯ ದೊಡ್ಡ ಗ್ರ್ಯಾಂಡ್, ಅಂದರೆ ತಂತಿ ಅಡ್ಡಕ್ಕೆ ಮಲಗಿರುವ ಪಿಯಾನೋ, ಒಂದಕ್ಕೆ ಸುಮಾರು ಒಂದು ವರ್ಷ ಬೇಕು.

ಕಾಸರಗೋಡಿನ ಓದುಗ:
ಹಾಗಾದರೆ ಚೀನಾದ್ದು ಹೇಗೆ ಅಗ್ಗ?

ಬದಿಯಡ್ಕದ ಬಡಗಿ:
ಗ್ವಾಂಗ್‌ಝೌನ ಪರ್ಲ್ ರಿವರ್ ಥರದ ಕಂಪನಿಗಳಲ್ಲಿ ಭಾರೀ ಸಂಖ್ಯೆಯಲ್ಲಿ ತಯಾರಾಗುತ್ತವೆ. ಮರ ಕೊಯ್ಯುವುದು, ತೂತು ಕೊರೆಯುವುದು ಮೆಷಿನ್ನಿಗೆ. ಕೈಕೆಲಸದ ಗಂಟೆ ಕಡಿಮೆಯಾದರೆ ಬೆಲೆಯೂ ಇಳಿಯುತ್ತದೆ. ಕಲಿಯುವ ಮಗುವಿಗೆ ಅದು ಸಾಕು, ಕೀಳಾಗಿ ನೋಡಬೇಡಿ.

ಕುಂಬಳೆಯ ಅಮ್ಮ:
ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ಬದಿಯಡ್ಕದ ಬಡಗಿ:
ಧಾರಾಳವಾಗಿ. ಮೊದಲು ತಂತಿ ಸುತ್ತಿರುವ ಟ್ಯೂನಿಂಗ್ ಪಿನ್ ಬಿಗಿಯಾಗಿದೆಯಾ ನೋಡಿಸಿ. ಪಿನ್ ಹಿಡಿದಿರುವ ಮರ ಸಡಿಲವಾಗಿದ್ದರೆ ಟ್ಯೂನ್ ನಿಲ್ಲುವುದಿಲ್ಲ, ಅದನ್ನು ಬದಲಿಸುವುದು ದೊಡ್ಡ ಖರ್ಚು. ಸೌಂಡ್‌ಬೋರ್ಡಿನ ಬಿರುಕು, ತಂತಿಯ ತುಕ್ಕು, ಫೆಲ್ಟಿಗೆ ಹಿಡಿದ ಹುಳ ಇವನ್ನೂ ನೋಡಿಸಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಶ್ರುತಿ ಏರುತ್ತದೆ. ಹೊರಗೋಡೆಗೆ ತಾಗಿಸಿ ಇಡಬೇಡಿ. ಟ್ಯೂನಿಂಗ್ ಮಳೆ ನಿಂತು ಮರ ಒಣಗಿದ ಮೇಲೆ ಮಾಡಿಸಿ.