ಹಳೇ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಬೇಕು: 11 ಸ್ಕ್ರೂ ತೆಗೆದೆ, ತಳ ಬರ್ತಿಲ್ಲ

ಶಂಕರಪುರದ ಹೂವಿನವಳು

ನಮಸ್ಕಾರ. ಉಡುಪಿ ಹತ್ತಿರದ ಶಂಕರಪುರದಿಂದ ಬರೆಯುತ್ತಿದ್ದೇನೆ. ನಮ್ಮದು ಮಲ್ಲಿಗೆ ವ್ಯಾಪಾರ. ಅಮ್ಮ ಹೂ ಕಟ್ಟುತ್ತಾರೆ, ನಾನು ಲೆಕ್ಕ ಬರೆಯುತ್ತೇನೆ. ಯಾರ ಮನೆಯಿಂದ ಎಷ್ಟು ಚೆಂಡು ಬಂತು, ಆವತ್ತು ಅಟ್ಟೆಗೆ (ನಾಲ್ಕು ಚೆಂಡಿಗೆ) ಎಷ್ಟು ರೇಟ್, ಯಾರದ್ದು ಎಷ್ಟು ಬಾಕಿ, ಎಲ್ಲ 2017ರಲ್ಲಿ ತಗೊಂಡ ಒಂದು ಲ್ಯಾಪ್‌ಟಾಪಿನಲ್ಲಿ ಉಂಟು. 6ನೇ ಜನರೇಶನ್ ಐ3, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10.

ಈಗ ಅದು ಎಷ್ಟು ನಿಧಾನ ಅಂದರೆ, ಬೆಳಿಗ್ಗೆ ಆನ್ ಮಾಡಿ ಗಿಡಗಳಿಗೆ ನೀರು ಬಿಟ್ಟು ಬಂದರೂ ಇನ್ನೂ ಚಕ್ರ ತಿರುಗಿಸ್ತಾ ಕೂತಿರುತ್ತದೆ. ಅಂಗಡಿಯಲ್ಲಿ ಕೇಳಿದೆ. ನಾಲ್ಕು ದಿನ ಬಿಟ್ಟು ಹೋಗಿ ಅಂದರು. ಮದುವೆ ಸೀಸನ್‌ನಲ್ಲಿ ನಾಲ್ಕು ದಿನ ಲೆಕ್ಕ ಇಲ್ಲದೆ ಕೂರಲು ಆಗುತ್ತದಾ? ನಾನೇ ಮಾಡುವ ಅಂತ ಹಾರ್ಡ್ ಡಿಸ್ಕಿನ ಬದಲು ಹಾಕುವ, ಅದಕ್ಕಿಂತ ವೇಗದ 500 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ತಂದೆ.

ನಿನ್ನೆ ರಾತ್ರಿ ಮಗುಚಿ ಹಾಕಿ ತಳದ 11 ಸ್ಕ್ರೂ ತೆಗೆದೆ. ತಳ ಬರ್ತಿಲ್ಲ. ಹಿಂದುಗಡೆ ಸ್ವಲ್ಪ ಏಳುತ್ತದೆ, ಡಿವಿಡಿ ಡ್ರೈವ್ ಇರುವ ಬದಿ ಗಟ್ಟಿ ಹಿಡಿದಿದೆ. ಎದುರಿನ ಅಂಚಿನಲ್ಲಿ ಮಾತ್ರ ಉಗುರು ಹೋಗುವಷ್ಟು ಸಂದಿ ಮೊದಲೇ ಉಂಟು. ಅಲ್ಲಿಂದ ಮೀಟಬಹುದಾ? ರ‍್ಯಾಮ್ ಕೂಡ ಒಟ್ಟಿಗೇ ಹಾಕಿಬಿಡಲಾ?

ಇನ್ನೊಂದು ಸಣ್ಣ ವಿಷಯ. ಎರಡು ತಿಂಗಳಿಂದ ಟಚ್‌ಪ್ಯಾಡ್ ಒತ್ತಿದರೆ ಕಲ್ಲು ಒತ್ತಿದ ಹಾಗೆ, ಕ್ಲಿಕ್ ಆಗುವುದೇ ಇಲ್ಲ. ಮೌಸ್ ಹಾಕಿ ಸುಧಾರಿಸುತ್ತಿದ್ದೇನೆ. ಮೇಜಿನ ಮೇಲೆ ಇಟ್ಟರೆ ಕುಂಟುತ್ತದೆ ಬೇರೆ, ಅಡಿಗೆ ಮದುವೆ ಕಾಗದ ಮಡಚಿ ಇಟ್ಟಿದ್ದೇನೆ. ಬಿಚ್ಚಿದಾಗ ಅದನ್ನೂ ಸರಿ ಮಾಡಬಹುದಾ?

ಸುರತ್ಕಲ್ ಲೈಟ್‌ಹೌಸ್

ಅಕ್ಕಾ, ಡಿವಿಡಿ ಡ್ರೈವ್ ಮೊದಲು ಹೊರಗೆ ತೆಗೀರಿ. ಅದನ್ನು ಹಿಡಿದಿಡುವ ಸ್ಕ್ರೂ ನಿಮ್ಮ 11ರಲ್ಲೇ ಬಂದಿರಬೇಕು. ಪಕ್ಕಕ್ಕೆ ಎಳೆದರೆ ಡ್ರಾಯರ್ ಹಾಗೆ ಜಾರಿ ಬರುತ್ತದೆ. ಆ ಖಾಲಿ ಜಾಗಕ್ಕೆ ಟಾರ್ಚ್ ಹಾಕಿ ನೋಡಿ, ಅಂಚಿನಲ್ಲಿ ಎರಡು ಮೂರು ಪುಟಾಣಿ ಸ್ಕ್ರೂ ಕಾಣಬಹುದು. ನನ್ನದರಲ್ಲಿ ಹಾಗೇ ಇತ್ತು. ಗೊತ್ತಿಲ್ಲದೆ ಎಳೆದು ಒಂದು ಮೂಲೆ ಮುರಿದೆ. ರಬ್ಬರ್ ಕಾಲಿನ ಅಡಿಯಲ್ಲೂ ಒಮ್ಮೆ ನೋಡಿ.

ರ‍್ಯಾಮ್ ನೋಡದೆ ತರಬೇಡಿ. 6ನೇ ಜನರೇಶನ್‌ನಲ್ಲಿ ಡಿಡಿಆರ್4 ಜಾತಿಯದ್ದು ಇರುವುದೂ ಬಂದಿದೆ, ಡಿಡಿಆರ್3ಎಲ್ ಇರುವುದೂ ಬಂದಿದೆ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ, ಕಚ್ಚು ಬೇರೆ ಕಡೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಒತ್ತಿದರೆ ಸ್ಪೀಡ್ ತೋರಿಸುತ್ತದೆ. 2133 ಅಂತಿದ್ದರೆ ಡಿಡಿಆರ್4, 1600 ಇದ್ದರೆ ಹಳೇ ಡಿಡಿಆರ್3ಎಲ್. ಎಷ್ಟು ಸ್ಲಾಟ್ ಖಾಲಿ ಉಂಟು ಅಂತಲೂ ಅಲ್ಲೇ ಬರೆದಿರುತ್ತದೆ. ಆದರೆ ಮೊದಲು ಎಸ್‌ಎಸ್‌ಡಿ ಹಾಕಿ ನೋಡಿ, ಮುಕ್ಕಾಲು ನಿಧಾನ ಅಲ್ಲೇ ಹೋಗುತ್ತದೆ.

ಸಂದಿ ಇದ್ದರೆ ಒಳ್ಳೇದೇ ಆಯ್ತು. ಹಳೇ ಎಟಿಎಂ ಕಾರ್ಡ್ ತೂರಿಸಿ ಸುತ್ತ ಎಳೀತಾ ಹೋಗಿ.

ಹಂಪನಕಟ್ಟೆ ಹಳಬ

ನಿಲ್ಲಿ ಮಾರಾಯ್ರೆ! ಎದುರಿನ ಸಂದಿಗೆ ಕಾರ್ಡ್ ಹಾಕಬೇಡಿ. ಲೈಟ್‌ಹೌಸ್ ತಮ್ಮ ಡಿವಿಡಿ ವಿಷಯ ಸರಿಯಾಗೇ ಹೇಳಿದ್ದಾನೆ, ಕಾರ್ಡಿನ ವಿಷಯ ಮಾತ್ರ ಬೇಡ.

ತಂಗಿ, ನೀವು ಕೊನೆಗೆ ಬರೆದದ್ದು ನೋಡಿ ನನಗೆ ಮಂಡೆಬಿಸಿ ಆಯಿತು. ಟಚ್‌ಪ್ಯಾಡ್ ಕಲ್ಲಾಗಿದೆ, ಎದುರು ಬಾಯಿ ಬಿಟ್ಟಿದೆ, ಮೇಜಿನ ಮೇಲೆ ಕುಂಟುತ್ತದೆ. ಇಷ್ಟೂ ಒಟ್ಟಿಗೆ ಇದ್ದರೆ ನಾನಂತೂ ಬ್ಯಾಟರಿ ಉಬ್ಬಿದೆ ಅಂತಲೇ ತಿಳಿದು ಕೈ ಹಾಕುತ್ತೇನೆ. ಇಂಥ ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಟಚ್‌ಪ್ಯಾಡಿನ ಅಡಿಯಲ್ಲೇ ಮಲಗಿರುತ್ತದೆ. ಸೆಲ್ಲಿನ ಹೊರಮೈ ಅಂದರೆ ತೆಳ್ಳಗಿನ ಚೀಲ ಅಷ್ಟೇ. ಹಳತಾದ ಮೇಲೆ ಒಳಗಿನ ದ್ರವ ಕೆಟ್ಟು ಗ್ಯಾಸ್ ಆಗುತ್ತದೆ. ಕೆಟ್ಟ ಹಾಲಿನ ಪ್ಯಾಕೆಟ್ ಉಬ್ಬುವುದು ನೋಡಿದ್ದೀರಲ್ಲ, ಹಾಗೆ. ಇಡೀ ದಿನ ಚಾರ್ಜರ್ ಹಾಕಿಯೇ ಇಡುತ್ತೀರಿ, ಅಲ್ವಾ? ಸದಾ ನೂರು ಪರ್ಸೆಂಟ್, ಅದರ ಮೇಲೆ ನಮ್ಮ ಊರಿನ ಸೆಕೆ. ಪಾಪ, ಅದಾದರೂ ಎಂತ ಮಾಡುವುದು.

ಆ ಚೀಲಕ್ಕೆ ತೂತಾದರೆ ಬೆಂಕಿ. ನಾನು ಮಂಗಳೂರಿನ ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ಹದಿನೆಂಟು ವರ್ಷ ಇದೇ ಕೆಲಸ ಮಾಡಿದವ. ಒಬ್ಬ ಹುಡುಗ ಸ್ಟೀಲ್ ಪಟ್ಟಿಯಿಂದ ಮೀಟಲು ಹೋದ. ಮೊದಲು ಸುಯ್ ಅಂತ ಸಣ್ಣ ಶಬ್ದ, ಮತ್ತೆ ಹೊಗೆ. ಲ್ಯಾಪ್‌ಟಾಪನ್ನು ಹಾಗೇ ಎತ್ತಿಕೊಂಡು ಮೆಟ್ಟಿಲಿಳಿದು ರಸ್ತೆಗೆ ಓಡಿದ. ಆ ವಾಸನೆ ಅಂಗಡಿಯಿಂದ ಹೋಗಲು ವಾರ ಬೇಕಾಯಿತು.

ಹೆದರಬೇಡಿ, ಮನೆಯಲ್ಲೇ ಮಾಡಬಹುದು. ಮೊದಲು ಚಾರ್ಜರ್ ತೆಗೀರಿ. ಬ್ಯಾಟರಿಯಲ್ಲೇ ಓಡಿಸಿ 25 ಪರ್ಸೆಂಟಿಗಿಂತ ಕೆಳಗೆ ತನ್ನಿ, ಹತ್ತಿರವೇ ಕೂತಿರಿ. ಚಾರ್ಜ್ ಕಡಿಮೆ ಇದ್ದಷ್ಟು ಅಪಾಯ ಕಡಿಮೆ. ಆ ಹೊತ್ತಿನಲ್ಲಿ ಲೆಕ್ಕದ ಫೈಲೆಲ್ಲ ಪೆನ್‌ಡ್ರೈವಿಗೆ ಹಾಕಿಬಿಡಿ. ಮತ್ತೆ ಸರಿಯಾಗಿ ಶಟ್‌ಡೌನ್ ಮಾಡಿ, ಮುಚ್ಚಳ ಹಾಕಿ ಮಲಗಿಸುವುದಲ್ಲ. ಜಗಲಿಯಲ್ಲಿ ಕೂತು ಬಿಚ್ಚಿ. ಪಕ್ಕದಲ್ಲಿ ಸ್ಟೀಲ್ ಬಕೆಟಿನಲ್ಲಿ ಒಣ ಹೊಯ್ಗೆ (ಮರಳು) ಇರಲಿ. ಕಾರ್ಡ್ ಹಾಕುವುದಾದರೆ ಹಿಂದುಗಡೆ ಸ್ಕ್ರೀನಿನ ಕೀಲು ಇರುವ ಕಡೆಯಿಂದ, ಪ್ಲಾಸ್ಟಿಕ್‌ದೇ ಹಾಕಿ, ಒಂದು ಬೆರಳಿನ ಅಗಲಕ್ಕಿಂತ ಒಳಗೆ ಬೇಡ.

ತಳ ಬಂದ ಕೂಡಲೇ ಬೇರೆ ಯಾವುದಕ್ಕೂ ಕೈ ಹಾಕದೆ ಬ್ಯಾಟರಿಯ ಪ್ಲಗ್ ಬಿಡಿಸಿ. ವಯರ್ ಹಿಡಿದು ಜಗ್ಗಬೇಡಿ, ಪ್ಲಗ್ಗಿನ ಎರಡು ಕಿವಿಗೆ ಉಗುರು ಕೊಟ್ಟು ಸ್ವಲ್ಪ ಸ್ವಲ್ಪವೇ ಸರಿಸಿ. ಆಮೇಲೆ ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡೀರಿ, ಒಳಗೆ ಉಳಿದ ಕರೆಂಟ್ ಹೋಗಲಿ. ಬ್ಯಾಟರಿಯ ಸ್ಕ್ರೂ ತೆಗೆದು, ಅದರ ಪ್ಲಾಸ್ಟಿಕ್ ಚೌಕಟ್ಟು ಹಿಡಿದು ಎತ್ತಿ. ಅಂಟು ಹಾಕಿ ಕೂರಿಸಿದ್ದರೆ ಎಳೆಯಲು ಹೋಗಬೇಡಿ, ಹಾಗೇ ಬಿಟ್ಟು ಅಂಗಡಿಗೆ ಕೊಡಿ.

ಶಂಕರಪುರದ ಹೂವಿನವಳು

ಅಣ್ಣ, ಓದಿ ಕೈ ತಣ್ಣಗಾಯಿತು. ನಿನ್ನೆ ಆ ಸಂದಿಗೆ ದೋಸೆ ಸಟ್ಟುಗ ಹಾಕಲು ಹೊರಟಿದ್ದೆ. ಸುಮ್ನೆ ಅಲ್ಲ, ನಿಜ.

ಈಗ 62 ಪರ್ಸೆಂಟ್ ಉಂಟು. ಸ್ಕ್ರೂ ಎಲ್ಲ ತೆಗೆದಿರುವಾಗ ಆನ್ ಮಾಡಬಹುದಾ? ಸ್ಕ್ರೂಗಳನ್ನು ಅಪ್ಪದ ಕಾವಲಿಯ ಗುಳಿಗಳಲ್ಲಿ ಇಟ್ಟಿದ್ದೇನೆ. ನಾಳೆ ಅಪ್ಪ ಮಾಡಲಿಕ್ಕುಂಟು, ಬೇಗ ಖಾಲಿ ಮಾಡು ಅಂತ ಅಮ್ಮ ಹೇಳುತ್ತಿದ್ದಾರೆ.

ಹಂಪನಕಟ್ಟೆ ಹಳಬ

ಮಾಡಬಹುದು. ಹಿಂದುಗಡೆಯ ಎರಡು ಮೂಲೆಗೆ ಮಾತ್ರ ಸ್ಕ್ರೂ ಹಾಕಿ. ಎದುರಿನದ್ದು ಹಾಕಿ ಬಿಗಿ ಮಾಡಿದರೆ ಉಬ್ಬಿದ ಬ್ಯಾಟರಿಯನ್ನು ಅಮುಕಿದ ಹಾಗೆ ಆಗುತ್ತದೆ.

ಕಾವಲಿ ಉಪಾಯ ಚಂದ ಉಂಟು, ಆದರೆ ಯಾವ ಗುಳಿ ಯಾವ ಮೂಲೆದು ಅಂತ ಬರೆದಿಡಿ. ಗಿಡ್ಡ ಸ್ಕ್ರೂವಿನ ತೂತಿಗೆ ಉದ್ದದ್ದು ಹಾಕಿದರೆ ಕೀಬೋರ್ಡಿನ ಪಕ್ಕ ಮೊಡವೆ ಎದ್ದ ಹಾಗೆ ಏಳುತ್ತದೆ. ಬೋರ್ಡಿಗೆ ತಾಗಿದರೆ ಕತೆ ಮುಗೀತು.

ಮಣಿಪಾಲದ ಮಳೆ

ನನ್ನದೂ ಒಂದು ಮಾತು. ಒಳಗೆ ಕಾಗದದ ಹಾಗೆ ಚಪ್ಪಟೆ ಕೇಬಲ್ ಇರುತ್ತವೆ. ಅದು ಹೋಗಿ ಸೇರುವಲ್ಲಿ ಕಣ್ಣಿನ ರೆಪ್ಪೆಯಷ್ಟು ಸಣ್ಣ ಪಟ್ಟಿ ಉಂಟು. ಹೆಚ್ಚಿನವಕ್ಕೆ ಅದನ್ನು ಉಗುರಿನಿಂದ ಮೇಲೆತ್ತಿದರೆ ಸಾಕು, ಕೇಬಲ್ ತಾನೇ ಸಡಿಲ ಆಗುತ್ತದೆ. ನಾನು ಎತ್ತದೆ ಎಳೆದೆ. ರೆಪ್ಪೆ ಹಾರಿ ಎಲ್ಲೋ ಹೋಯಿತು. ಆ ಕೀಬೋರ್ಡ್ ಇವತ್ತಿಗೂ ಸೆಲ್ಲೋಟೇಪಿನ ಮೇಲೆ ಬದುಕಿದೆ.

ಶಂಕರಪುರದ ಹೂವಿನವಳು

ಮೂರು ದಿನ ಆಯಿತು, ಹೇಳಿಬಿಡುತ್ತೇನೆ. ಆಯಿತು!

ಆವತ್ತಿನ ಹೂವೆಲ್ಲ ಮಾರುವ ಕಟ್ಟೆಗೆ ಹೋದ ಮೇಲೆ ಜಗಲಿಯಲ್ಲಿ ಕೂತೆ. 19 ಪರ್ಸೆಂಟಿಗೆ ತಂದು ಶಟ್‌ಡೌನ್ ಮಾಡಿದ್ದೆ. ಡಿವಿಡಿ ಡ್ರೈವ್ ಎಳೆದರೆ ಲೈಟ್‌ಹೌಸ್ ಹೇಳಿದ ಹಾಗೇ ಮೂರು ಸ್ಕ್ರೂ. ಒಂದಕ್ಕೆ ತುಕ್ಕು ಹಿಡಿದಿತ್ತು, ತಲೆ ಸವೆದು ಸ್ಕ್ರೂಡ್ರೈವರ್ ಜಾರುತ್ತಿತ್ತು. ಅಗಲದ ರಬ್ಬರ್‌ಬ್ಯಾಂಡ್ ತುಂಡು ಮಧ್ಯೆ ಇಟ್ಟು ಒತ್ತಿ ತಿರುಗಿಸಿದೆ, ಬಂತು.

ತಳ ಎತ್ತಿ ನೋಡಿದರೆ ಬ್ಯಾಟರಿಯಲ್ಲಿ ಎರಡು ಸೆಲ್. ಒಂದು ನೀರುದೋಸೆ, ಇನ್ನೊಂದು ಬನ್ಸ್. ಅಷ್ಟು ವ್ಯತ್ಯಾಸ. ಪ್ಲಗ್ ಬಿಡಿಸುವಾಗ ನನ್ನ ಕೈ ನಡುಗುತ್ತಿತ್ತು. ಅಮ್ಮ "ಕೊಡು ಇಲ್ಲಿ" ಅಂತ ಕೂತರು. ನಲವತ್ತು ವರ್ಷ ಮೊಗ್ಗು ಜೋಡಿಸಿ ಬಾಳೆನಾರಿನಲ್ಲಿ ಕಟ್ಟಿದ ಬೆರಳು. ಎಡಕ್ಕೆ ಒಂದು ಕೂದಲೆಳೆ, ಬಲಕ್ಕೆ ಒಂದು ಕೂದಲೆಳೆ ಸರಿಸಿ ಪ್ಲಗ್ ಬಿಡಿಸಿದರು. ಚಪ್ಪಟೆ ಕೇಬಲಿನ ರೆಪ್ಪೆಯನ್ನೂ ಅವರೇ ಎತ್ತಿದ್ದು. ಅಂಟು ಇರಲಿಲ್ಲ, ಸ್ಕ್ರೂ ಮಾತ್ರ. ಬ್ಯಾಟರಿ ಹೊರಗೆ ಬಂದ ಮೇಲೆ ಟಚ್‌ಪ್ಯಾಡ್ ಒತ್ತಿದೆ. ಟಕ್ ಅಂತು!

ಫ್ಯಾನಿನ ಬಾಯಲ್ಲಿ ಧೂಳಿನ ಒಟ್ಟಿಗೆ ಒಣಗಿ ಕಂದಾದ ಒಂದು ಮಲ್ಲಿಗೆ ಮೊಗ್ಗು ಸಿಕ್ಕಿತು. ಅದು ಹೇಗೆ ಒಳಗೆ ಹೋಯಿತೋ ದೇವರಿಗೇ ಗೊತ್ತು.

ಎಸ್‌ಎಸ್‌ಡಿ ಹಾಕುವುದು ಎಂತ ದೊಡ್ಡ ಕೆಲಸ ಅಲ್ಲ. ಹಾರ್ಡ್ ಡಿಸ್ಕಿನ ತಗಡಿನ ಚೌಕಟ್ಟಿಗೆ ನಾಲ್ಕು ಸ್ಕ್ರೂ, ಬಿಚ್ಚಿ ಅದಕ್ಕೆ ಹಾಕಿದೆ. ವಿಂಡೋಸ್ 10 ಹೊಸದಾಗಿ ಹಾಕಿದೆ, ಕೀ ಕೇಳಲೇ ಇಲ್ಲ. ಈಗ ಆನ್ ಮಾಡಿ ಇಪ್ಪತ್ತು ಎಣಿಸುವುದರೊಳಗೆ ತಯಾರು. ರ‍್ಯಾಮ್ ಸದ್ಯ ಬೇಡ.

ಬ್ಯಾಟರಿ ಇಲ್ಲದೆ ಚಾರ್ಜರಿನಲ್ಲೇ ಓಡಿಸುತ್ತಿದ್ದೇನೆ. ನಿನ್ನೆ ಕರೆಂಟ್ ಹೋಗಿ ಅರ್ಧ ಗಂಟೆಯ ಲೆಕ್ಕ ಹೋಯಿತು, ಅದಿರಲಿ. ಈಗ ನಿಜವಾದ ಸಂಕಟ ಬೇರೆ. ಪೆನ್‌ಡ್ರೈವಿನಿಂದ ಲೆಕ್ಕದ ಫೈಲ್ ತೆರೆದರೆ ಅಂಕೆಗಳೆಲ್ಲ ಸರಿ ಉಂಟು, ಹೆಸರುಗಳು ಮಾತ್ರ ಇಂಗ್ಲಿಷ್ ಅಕ್ಷರ ಕಲಸಿ ಚೆಲ್ಲಿದ ಹಾಗೆ. ಫೈಲ್ ಹಾಳಾಯಿತಾ?

ಸುರತ್ಕಲ್ ಲೈಟ್‌ಹೌಸ್

ಅಕ್ಕಾ, ಮೊದಲು ಕನ್ನಡ ಟೈಪ್ ಮಾಡುವ ‘ನುಡಿ’ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡ್ತಿದ್ರಾ? ಹಾಗಾದ್ರೆ ಫೈಲಿಗೆ ಎಂತದೂ ಆಗಿಲ್ಲ. ಹಳೇ ನುಡಿ ಅಕ್ಷರ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಪದ್ಧತಿ) ಅಲ್ಲ, ಅದರ ಫಾಂಟ್ ಇಲ್ಲದಿದ್ದರೆ ಹಾಗೇ ಕಾಣುತ್ತದೆ. ನುಡಿ ಹಾಕಿ, ಮತ್ತೆ ತೆರೆಯಿರಿ. ಕಾರ್ಡಿನ ವಿಷಯಕ್ಕೆ ಸಾರಿ, ನಾನು ಪೂರ್ತಿ ಓದಿರಲಿಲ್ಲ.

ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿದೆ. 11ಕ್ಕೆ ಇಂಟೆಲ್‌ನಲ್ಲಿ 8ನೇ ಜನರೇಶನ್ ಆದ್ರೂ ಬೇಕು ಅಂತ ಲೆಕ್ಕ. ಬ್ಯಾಂಕಿನ ಕೆಲಸ ಅದರಲ್ಲಿ ಮಾಡಬೇಡಿ. ಬಿಡುವಾದಾಗ ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಮಿಂಟ್ ನೋಡಿ.

ಹಂಪನಕಟ್ಟೆ ಹಳಬ

ಅಮ್ಮನನ್ನು ಅಂಗಡಿಗೆ ಕಳಿಸಿ, ಕೆಲಸ ಕೊಡಿಸುತ್ತೇನೆ.

ಹೊಸ ಬ್ಯಾಟರಿ ತರುವಾಗ ಲ್ಯಾಪ್‌ಟಾಪಿನ ಹೆಸರು ಹೇಳಿದರೆ ಸಾಲದು. ಹಳೆಯದರ ಮೇಲಿನ ಪಾರ್ಟ್ ನಂಬರ್ ಮತ್ತು ವೋಲ್ಟೇಜ್ ಫೋಟೋ ತೆಗೆದು ತೋರಿಸಿ. ಹಳೆಯದನ್ನು ಪಂಚಾಯತಿನ ಕಸದ ಗಾಡಿಗೆ ಹಾಕಬೇಡಿ. ಪ್ಲಗ್ಗಿಗೆ ಟೇಪ್ ಸುತ್ತಿ, ಹೊಯ್ಗೆಯ ಬಕೆಟಿನಲ್ಲೇ ಮನೆಯ ಹೊರಗೆ ನೆರಳಲ್ಲಿ ಇಡಿ. ಹೊಸದು ಕೊಡುವವರ ಹತ್ತಿರ ಹಳೆಯದು ತಗೊಳ್ತೀರಾ ಅಂತ ಕೇಳಿ. 2022ರ ನಿಯಮದ ಪ್ರಕಾರ ಹಳೇ ಬ್ಯಾಟರಿ ಸಂಗ್ರಹಿಸುವ ಜವಾಬ್ದಾರಿ ಬ್ಯಾಟರಿ ಮಾಡಿ ಮಾರುವ ಕಂಪನಿಯದ್ದೇ.

ಶಂಕರಪುರದ ಹೂವಿನವಳು

ನುಡಿ ಹಾಕಿದೆ. ಹೆಸರೆಲ್ಲ ವಾಪಸ್ ಬಂತು, ಬಾಕಿ ಕೊಡಬೇಕಾದವರದ್ದೂ ಬಂತು. ಅಮ್ಮ ಕನ್ನಡಕ ಹಾಕಿಕೊಂಡು ಆ ಪಟ್ಟಿಯನ್ನೇ ಓದುತ್ತಿದ್ದಾರೆ.