ಹುತ್ತರಿಗೆ ಊರಿಗೆ ಹೋದಾಗ ಮಗನನ್ನು ಜೀಪಿನ ಬೇಟೆಗೆ ಕಳುಹಿಸಬಹುದೇ?

ವಿರಾಜಪೇಟೆ–ಪಿಟ್ಸ್‌ಬರ್ಗ್
ಹೊರದೇಶಗಳಲ್ಲಿರುವ ಕೊಡಗಿನವರ ಈ ಗುಂಪಿನ ಹಿರಿಯರು, ಮಕ್ಕಳಿರುವವರು ದಯವಿಟ್ಟು ಒಂದು ದಾರಿ ತೋರಿಸಿ. ಈ ಸಲ ಶಾಲೆಗೆ ರಜೆ ಹೇಳಿ ಮಗನನ್ನು ಸುಗ್ಗಿಹಬ್ಬ ಹುತ್ತರಿಗೆ ತವರಿಗೆ ಕರೆದೊಯ್ಯುತ್ತಿದ್ದೇನೆ. ಅವನಿಗೆ ಹದಿನೈದು ವರ್ಷ. ಮೊನ್ನೆ ನನ್ನ ಅಣ್ಣನ ಮಗ ಅವನಿಗೊಂದು ವಿಡಿಯೋ ಕಳುಹಿಸಿದ್ದಾನೆ. ರಾತ್ರಿಯ ಹೊತ್ತು, ತೋಟದ ಬೇಲಿ ಪಕ್ಕದ ಡಾಂಬರು ರಸ್ತೆ, ನಿಂತ ಜೀಪು. ಯಾರೋ ಟಾರ್ಚ್ ಬಿಡುತ್ತಾರೆ. ಕಾಫಿ ಗಿಡದ ಬುಡದಲ್ಲಿ ಎರಡು ಕಣ್ಣು ಹೊಳೆಯುತ್ತವೆ. ಕಿಟಕಿಯಿಂದ ಕೋವಿಯ ನಳಿಗೆ ಹೊರಗೆ ಬರುತ್ತದೆ. ಈಡಿನ ಸದ್ದಿಗೆ ವಿಡಿಯೋ ಮುಗಿಯುತ್ತದೆ. ಕೆಳಗೆ, ‘ನೀನು ಬಾ, ನಿನ್ನ ಕೈಗೂ ಕೊಡುತ್ತೇವೆ’ ಎಂದು ಬರೆದಿದ್ದಾನೆ.

ಮಗ ಇಲ್ಲಿ ಗೆಳೆಯನ ಮನೆಯವರ ಜೊತೆ ಜಿಂಕೆ ಬೇಟೆಗೆ ಹೋಗುತ್ತಾನೆ. ಬೇಟೆಗಾರರ ತರಬೇತಿ ಮುಗಿಸಿ ಪರವಾನಗಿ ಪಡೆದಿದ್ದಾನೆ. ವಿಡಿಯೋ ನೋಡಿ, ‘ಅಮ್ಮಾ, ಇಲ್ಲಿ ಹೀಗೆ ಮಾಡಿದರೆ ವಾರ್ಡನ್ ಹಿಡಿಯುತ್ತಾರೆ. ನಮ್ಮ ಊರಿನಲ್ಲಿ ಇದಕ್ಕೆ ಅನುಮತಿ ಇದೆಯೇ?’ ಎಂದು ಕೇಳಿದ. ನನಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಕಾನೂನು ಏನನ್ನುತ್ತದೆ? ಅಣ್ಣನ ಮನಸ್ಸು ನೋಯಿಸದೆ ಬೇಡ ಎನ್ನುವುದು ಹೇಗೆ?

ಗೋಣಿಕೊಪ್ಪಲು–ಡಲ್ಲಾಸ್
ತಂಗೀ, ಇಷ್ಟಕ್ಕೆಲ್ಲ ಚಿಂತೆ ಬೇಡ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಕಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿದೆ. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿಹಿಡಿದಿದೆ. ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು ಎಂದು ನಡೆದು ಬಂದ ನಾಡು ನಮ್ಮದು. ಹುಡುಗ ಸೋದರಮಾವನ ಮನೆಯಲ್ಲಿ ಕೋವಿ ಹಿಡಿಯುವುದು ಹೆಮ್ಮೆಯ ವಿಷಯ. ಇಲ್ಲಿ ಟೆಕ್ಸಾಸ್‌ನಲ್ಲಿ ಖಾಸಗಿ ಜಮೀನಿನ ಒಳಗೆ ವಾಹನದಿಂದಲೇ ಜಿಂಕೆ ಹೊಡೆಯಲು ಕಾನೂನೇ ಬಿಡುತ್ತದೆ. ಅಮೆರಿಕದಲ್ಲಿ ನಡೆಯುವುದು ನಮ್ಮ ಸ್ವಂತ ತೋಟದಲ್ಲಿ ಏಕೆ ನಡೆಯಬಾರದು? ಧೈರ್ಯವಾಗಿ ಕಳುಹಿಸಿ.

ಮಡಿಕೇರಿ–ಲೀಡ್ಸ್
ಮೇಲಿನ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳುವುದಕ್ಕೆ, ಶಸ್ತ್ರಾಸ್ತ್ರ ಕಾಯ್ದೆಯ ಅಡಿಯಲ್ಲಿ. ಬೇಟೆಯನ್ನು ಆಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದರಲ್ಲಿ ಕೊಡಗಿಗೆ ಬೇರೆ ನಿಯಮವಿಲ್ಲ. ಕಾಡುಹಂದಿ ಕೂಡ ಸಂರಕ್ಷಿತ ಪಟ್ಟಿಯಲ್ಲಿದೆ, ತೋಟ ನಿಮ್ಮದೇ ಆದರೂ ಅಷ್ಟೆ. ಬೆಳೆಗೆ ಹಾನಿಯಾಗುತ್ತಿದ್ದರೆ 11ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ವಾರ್ಡನ್ ಅಥವಾ ಅವರು ಅಧಿಕಾರ ಕೊಟ್ಟವರು ಲಿಖಿತ ಅನುಮತಿ ನೀಡಬಹುದು. ಆ ಕಾಗದವಿಲ್ಲದೆ ಹೊಡೆದರೆ ಅದು ಅಪರಾಧವೇ.

ಜೀಪಿನ ವಿಚಾರ ಇನ್ನೂ ಸ್ಪಷ್ಟ. ಈ ಕಾಯ್ದೆ ಬಂದಾಗ ಬೇಟೆಗೆ ಪರವಾನಗಿ ಕೊಡುವ ಪದ್ಧತಿ ಇನ್ನೂ ಇತ್ತು. ಆಗಲೂ 17ನೇ ಸೆಕ್ಷನ್ ವಾಹನದಿಂದ ಹೊಡೆಯುವುದನ್ನು, ವಾಹನದಿಂದ ಪ್ರಾಣಿಯನ್ನು ಅಟ್ಟುವುದನ್ನು, ಕೃತಕ ಬೆಳಕು ಬಿಡುವುದನ್ನು, ಸೂರ್ಯ ಮುಳುಗಿದ ಮೇಲೆ ಬೇಟೆಯಾಡುವುದನ್ನು ನಿಷೇಧಿಸಿತ್ತು. 1991ರ ತಿದ್ದುಪಡಿಯಲ್ಲಿ ಪರವಾನಗಿ ಪದ್ಧತಿಯೇ ಹೋಯಿತು. ಅಂದರೆ ಆ ವಿಡಿಯೋದಲ್ಲಿರುವುದು ಬೇಟೆಗೆ ಅವಕಾಶವಿದ್ದ ಕಾಲದಲ್ಲೂ ಕಾನೂನುಬಾಹಿರವೇ ಆಗಿತ್ತು.

ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾಯ್ದೆಯಲ್ಲಿ ಹೆಚ್ಚಿನ ರಕ್ಷಣೆ ಇರುವ ಮೊದಲ ಅನುಸೂಚಿಯ ಪ್ರಾಣಿಯಾದರೆ ಕನಿಷ್ಠ ಮೂರು, ಗರಿಷ್ಠ ಏಳು ವರ್ಷ. ಬರ್ಕ ಎಂಬ ಜಿಂಕೆಯಂಥ ಪುಟ್ಟ ಪ್ರಾಣಿ ಆ ಅನುಸೂಚಿಯಲ್ಲಿದೆ, ಕತ್ತಲಲ್ಲಿ ಹೊಳೆದ ಕಣ್ಣು ಯಾವುದರದ್ದು ಎಂದು ಯಾರು ಹೇಳುತ್ತಾರೆ? 39ನೇ ಸೆಕ್ಷನ್ ಪ್ರಕಾರ ಅಪರಾಧಕ್ಕೆ ಬಳಸಿದ ಕೋವಿಯೂ ಜೀಪೂ ಸರ್ಕಾರದ ಪಾಲಾಗುತ್ತವೆ. ವಿಡಿಯೋ ಯಾರಿಗೂ ಕಳುಹಿಸಬೇಡ ಎಂದು ಮಗನಿಗೆ ಇವತ್ತೇ ಹೇಳಿ. ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ರದ್ದಾಗುವ ಅವಕಾಶವೂ ಇದೆ.

ಭಾಗಮಂಡಲ–ಮೆಲ್ಬರ್ನ್
ಕಾನೂನು ಪಕ್ಕಕ್ಕಿರಲಿ. ನಾನು ಬೇಟೆಯ ಮನೆಯಲ್ಲೇ ಹುಟ್ಟಿದವನು, ಆ ಹಕ್ಕಿನಿಂದ ಹೇಳುತ್ತೇನೆ: ಜೀಪಿನ ಸೀಟಿನಲ್ಲಿ ಕೂತು ಹೊಡೆಯುವುದು ಬೇಟೆಯಲ್ಲ, ಕಟುಕತನ. ಹುಲಿ ಹೊಡೆದವನನ್ನು ಮದುವಣಿಗನಂತೆ ಕೂರಿಸಿ ನರಿಮಂಗಲ (ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ) ಮಾಡುತ್ತಿದ್ದರಲ್ಲ, ಅದು ಏಕೆ? ಅವನು ಹುಲಿಯ ಎದುರು ಕಾಲೂರಿ ನಿಂತಿದ್ದ, ಜೀವ ಪಣಕ್ಕಿಟ್ಟಿದ್ದ. ನಮ್ಮ ಹಿರಿಯರು ಬೆಳಗಿನ ಮಂಜಿನಲ್ಲಿ ನಾಯಿಗಳೊಂದಿಗೆ ಬೆಟ್ಟ ಹತ್ತುತ್ತಿದ್ದರು. ಗಬ್ಬದ ಹೆಣ್ಣಿಗೆ ಕೋವಿ ಎತ್ತುತ್ತಿರಲಿಲ್ಲ. ಗಾಯಗೊಂಡ ಪ್ರಾಣಿಯನ್ನು ನೆತ್ತರಿನ ಜಾಡು ಹಿಡಿದು ಹುಡುಕಿ ಮುಗಿಸದೆ ಮನೆ ಸೇರುತ್ತಿರಲಿಲ್ಲ. ಮಾಂಸ ಊರಿಗೆಲ್ಲ ಪಾಲಾಗುತ್ತಿತ್ತು.

ಈಗ? ಹೊಟ್ಟೆಗೆ ಗುಂಡು ತಿಂದ ಹಂದಿ ಕಾಫಿಯೊಳಗೆ ನುಗ್ಗುತ್ತದೆ. ಅದರ ಹಿಂದೆ ಇಳಿಯುವವರು ಯಾರು? ತೋಟದಲ್ಲಿ ಆನೆ ಇರಬಹುದೆಂದು ಯಾರೂ ಜೀಪಿನಿಂದ ಕೆಳಗೆ ಕಾಲಿಡುವುದಿಲ್ಲ. ಗೇರ್ ಹಾಕಿ ಮುಂದೆ ಹೋಗುತ್ತಾರೆ. ಅದು ಮೂರು ದಿನ ನರಳಿ ಸಾಯುತ್ತದೆ. ಇದನ್ನು ಮಗನಿಗೆ ಸಂಪ್ರದಾಯ ಎಂದು ತೋರಿಸುವವರು ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ನೆಲ್ಲಕ್ಕಿ ಬೊಳಕ್ ಎಂಬ ಪೂಜ್ಯ ದೀಪದ ಮುಂದೆ ನಿಲ್ಲುವ ಮೊದಲು ಯೋಚಿಸಲಿ. ಇಂಥವರಿಂದಲೇ ಕೊಡಗಿನ ಕೋವಿಯ ಹೆಸರು ಕೆಡುತ್ತಿದೆ.

ಗೋಣಿಕೊಪ್ಪಲು–ಡಲ್ಲಾಸ್
ಹಿರಿಯರೇ, ಕಟುಕ ಎನ್ನುವ ಮಾತು ಹಿಂತೆಗೆದುಕೊಳ್ಳಿ. ಊರಿನಲ್ಲಿ ಉಳಿದು ತೋಟ ನೋಡಿಕೊಳ್ಳುತ್ತಿರುವ ಹುಡುಗರ ಬಗ್ಗೆ ಮೆಲ್ಬರ್ನ್‌ನಲ್ಲಿ ಕೂತು ಹೀಗೆ ಬರೆಯುವುದು ಸರಿಯಲ್ಲ.

ಸಿದ್ದಾಪುರ–ಟೊರಾಂಟೊ
ಡಲ್ಲಾಸಿನವರ ಮಾತಿಗೆ ನನ್ನ ಒಪ್ಪಿಗೆ ಇದೆ. ನಮ್ಮ ಗದ್ದೆ ನಾಟಿಯಾಗದೆ ಪಾಳು ಬಿದ್ದಿದೆ. ನೆಟ್ಟರೆ ಹಂದಿ, ಉಳಿದರೆ ಆನೆ. ಅಪ್ಪನಿಗೆ ಈ ವಯಸ್ಸಿನಲ್ಲಿ ರಾತ್ರಿ ಪಟಾಕಿ ಹಿಡಿದು ಅಂಗಳದಲ್ಲಿ ನಿಲ್ಲುವ ಸ್ಥಿತಿ. ಅರ್ಜಿ, ಅನುಮತಿ, ಲಿಖಿತ ಕಾಗದ ಎನ್ನುವವರು ಒಂದು ಮಳೆಗಾಲ ಅಲ್ಲಿ ಇದ್ದು ನೋಡಲಿ. ಕಾಗದ ಬರುವ ಹೊತ್ತಿಗೆ ಭತ್ತ ಹಂದಿಯ ಹೊಟ್ಟೆಯಲ್ಲಿರುತ್ತದೆ. ಕೊಡಗಿನವರನ್ನು ಕಳ್ಳಬೇಟೆಗಾರರೆಂದು ಕರೆಯುವ ಮೊದಲು ನಮ್ಮ ನಷ್ಟ ಯಾರು ಕಟ್ಟಿಕೊಡುತ್ತಾರೆ, ಹೇಳಿ.

ಕುಶಾಲನಗರ–ನ್ಯೂಜೆರ್ಸಿ
ನನಗೆ ಇದೆಲ್ಲ ಓದಿ ಹೊಟ್ಟೆ ಉರಿಯುತ್ತದೆ. ನನ್ನ ಮಗಳು ಊರಿಗೆ ಬರುವುದಿಲ್ಲ ಎನ್ನುತ್ತಾಳೆ. ಕಾವೇರಿ ಸಂಕ್ರಮಣ ಎಂದರೆ ಏನೆಂದು ಅವಳಿಗೆ ಗೊತ್ತಿಲ್ಲ. ನಿಮ್ಮ ಮಗನಿಗೆ ಸೋದರಮಾವನ ಮಕ್ಕಳ ಜೊತೆ ಸ್ನೇಹವಿದೆ, ಊರಿಗೆ ಬರಬೇಕೆಂಬ ಆಸೆಯಿದೆ. ಆ ಆಸೆಯನ್ನು ಉಳಿಸಿಕೊಳ್ಳಿ. ನಾನು ಯಾವಾಗಲೂ ಹೇಳುವುದು ಒಂದೇ, ಮಕ್ಕಳನ್ನು ಹತ್ತು ವರ್ಷದೊಳಗೆ ಪ್ರತಿ ಬೇಸಿಗೆ ಊರಿಗೆ ಕರೆದೊಯ್ಯಬೇಕು.

ಸೋಮವಾರಪೇಟೆ–ಹ್ಯಾರಿಸ್‌ಬರ್ಗ್
ನಾನೂ ಪೆನ್ಸಿಲ್ವೇನಿಯಾದಲ್ಲೇ ಇರುವುದು. ಹುಡುಗ ಸರಿಯಾಗಿಯೇ ಕಲಿತಿದ್ದಾನೆ. ಇಲ್ಲಿ ವಾಹನದೊಳಗೆ ತೋಟಾ ತುಂಬಿದ ಕೋವಿ ಇಡುವುದೇ ಅಪರಾಧ. ವಾಹನದಿಂದ ಇಳಿದವರು ರಸ್ತೆಯಿಂದ ಕನಿಷ್ಠ 25 ಗಜ ದೂರ ಹೋಗಿ ಹೊಡೆಯಬೇಕು. ಜನ ವಾಸಿಸುವ ಮನೆಯಿಂದ 150 ಗಜದೊಳಗೆ ಒಪ್ಪಿಗೆಯಿಲ್ಲದೆ ಬೇಟೆಯಿಲ್ಲ. ಕೋವಿ ಜೊತೆಗಿದ್ದರೆ ಪ್ರಾಣಿಯ ಮೇಲೆ ಸ್ಪಾಟ್‌ಲೈಟ್ ಬಿಡುವಂತಿಲ್ಲ. ವಾಹನದಿಂದ ಹೊಡೆಯಲು ಅಂಗವಿಕಲರಿಗೆ ಮಾತ್ರ ವಿಶೇಷ ಅನುಮತಿ ಇದೆ, ಅದೂ ನಿಂತ ವಾಹನದಿಂದ. ಇನ್ನು ಟೆಕ್ಸಾಸ್‌ನಲ್ಲೂ ಸಾರ್ವಜನಿಕ ರಸ್ತೆಯಿಂದ ಹೊಡೆಯುವಂತಿಲ್ಲ, ಡಲ್ಲಾಸಿನವರು ಅದನ್ನು ಹೇಳಲಿಲ್ಲ. ವಿಡಿಯೋದ ಜೀಪು ನಿಂತಿರುವುದು ಡಾಂಬರು ರಸ್ತೆಯ ಮೇಲೆ.

ಸುಂಟಿಕೊಪ್ಪ–ದುಬೈ
ನಾನು ಈ ಗುಂಪಿನಲ್ಲಿ ಸಾಮಾನ್ಯವಾಗಿ ಬರೆಯುವುದಿಲ್ಲ. ನನ್ನ ಅಪ್ಪ ಅಮ್ಮ ಎಸ್ಟೇಟಿನ ಕಾರ್ಮಿಕರ ಲೈನ್ ಮನೆಯಲ್ಲಿ ಬದುಕಿದವರು. ಇಲ್ಲಿ ಎಲ್ಲರೂ ಹಂದಿಯ ಬಗ್ಗೆ, ಆನೆಯ ಬಗ್ಗೆ, ಹಿರಿಯರ ಬಗ್ಗೆ ಮಾತನಾಡಿದಿರಿ. ಆ ರಸ್ತೆಯಲ್ಲಿ ನಡೆದು ಹೋಗುವವರ ಬಗ್ಗೆ ಒಬ್ಬರೂ ಕೇಳಲಿಲ್ಲ.

ಲೈನ್ ಮನೆಗಳು ಎಲ್ಲಿರುತ್ತವೆ ಎಂಬುದು ನಿಮಗೆಲ್ಲ ಗೊತ್ತು. ತೋಟದ ಒಳಗೆ, ಕಾಫಿ ಗಿಡಗಳ ಮಧ್ಯೆ, ರಸ್ತೆಯಿಂದ ಕಾಣದ ಹಾಗೆ. ಅಂಗಡಿಯಿಂದ ಸಾಮಾನು ತರುವವರು ಕತ್ತಲಾದ ಮೇಲೆ ಅದೇ ರಸ್ತೆಯಲ್ಲಿ ಬರುತ್ತಾರೆ, ಅರ್ಧ ಜನರ ಕೈಯಲ್ಲಿ ಟಾರ್ಚ್ ಇರುವುದಿಲ್ಲ. ಹೆಂಗಸರು ಬಯಲಿಗೆ ಹೋಗುತ್ತಿದ್ದದ್ದೂ ಆ ಗಿಡಗಳ ಸಂದಿಗೇ. ರಾತ್ರಿ ಜೀಪು ನಿಧಾನವಾಗುವ ಸದ್ದು ಕೇಳಿದರೆ ಅಮ್ಮ ನಮ್ಮನ್ನು ಒಳಗೆ ಎಳೆದು ಗೋಡೆಯ ಬುಡದಲ್ಲಿ ಕೂರಿಸುತ್ತಿದ್ದಳು. ಪಾಯಿಂಟ್ ಟೂ ಟೂ ರೈಫಲಿನ ಗುಂಡು ಗುರಿ ತಪ್ಪಿದರೆ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಬಲ್ಲದು. ಕಾಫಿ ಎಲೆ ಅದನ್ನು ತಡೆಯುವುದಿಲ್ಲ. ಕಿಟಕಿಯಿಂದ ಹೊಡೆಯುವವನಿಗೆ ಆ ಎರಡು ಕಣ್ಣಿನ ಹಿಂದೆ ಏನಿದೆ ಎಂದು ಗೊತ್ತಿರುತ್ತದೆಯೇ? ಮಗನಿಗೆ ಈ ಪ್ರಶ್ನೆ ಕೇಳಿ. ತರಬೇತಿಯಲ್ಲಿ ಅವನಿಗೆ ಮೊದಲು ಹೇಳಿಕೊಟ್ಟಿರುವುದು ಅದನ್ನೇ ಇರಬೇಕು.

ಸೋಮವಾರಪೇಟೆ–ಹ್ಯಾರಿಸ್‌ಬರ್ಗ್
ಹೌದು ಅಕ್ಕಾ. ಗುರಿಯ ಹಿಂದೇನಿದೆ ಎಂದು ತಿಳಿಯದೆ ಕೋವಿಯ ಟ್ರಿಗರ್ ಎಳೆಯಬಾರದು ಎಂಬುದು ಮೊದಲ ಪಾಠಗಳಲ್ಲೇ ಬರುತ್ತದೆ.

ಭಾಗಮಂಡಲ–ಮೆಲ್ಬರ್ನ್
ಡಲ್ಲಾಸಿನವರಿಗೆ: ಮಾತು ಹಿಂತೆಗೆದುಕೊಳ್ಳುವುದಿಲ್ಲ. ಸಿದ್ದಾಪುರದವರಿಗೆ: ಗದ್ದೆ ಕಾಯುವುದು ಬೇರೆ, ಮೋಜಿಗೆ ಡಾಂಬರು ರಸ್ತೆಯಲ್ಲಿ ಸುತ್ತುವುದು ಬೇರೆ. ನಿಮ್ಮ ಅಪ್ಪ ಅಂಗಳದಲ್ಲಿ ನಿಂತಿದ್ದಾರೆ, ಜೀಪಿನಲ್ಲಿ ಅಲ್ಲ. ನಾನು ಗೌರವಿಸುವುದು ಅವರನ್ನೇ.

ಸಿದ್ದಾಪುರ–ಟೊರಾಂಟೊ
ಗೌರವದಿಂದ ಭತ್ತ ಉಳಿಯುವುದಿಲ್ಲ.

ವಿರಾಜಪೇಟೆ–ಪಿಟ್ಸ್‌ಬರ್ಗ್
ಸುಂಟಿಕೊಪ್ಪದ ಅಕ್ಕಾ, ನಿಮ್ಮ ಬರಹವನ್ನು ಮಗನಿಗೆ ಓದಿ ಹೇಳಿದೆ. ಅವನು ಹೋಗುವುದಿಲ್ಲ, ಅದು ತೀರ್ಮಾನವಾಗಿದೆ. ಆದರೆ ಅಣ್ಣನಿಗೆ ಹೇಳುವ ಬಗೆ ಯಾರೂ ತಿಳಿಸಲಿಲ್ಲ. ‘ಅಮೆರಿಕಕ್ಕೆ ಹೋಗಿ ನಮಗೆ ಬುದ್ಧಿ ಹೇಳುತ್ತೀಯಾ’ ಎಂದು ಒಮ್ಮೆ ಅಂದರೆ ಹಬ್ಬ ಅಲ್ಲಿಗೇ ಕೆಟ್ಟಿತು.

ಗೋಣಿಕೊಪ್ಪಲು–ಡಲ್ಲಾಸ್
ಅದೇ ನಾನು ಹೇಳಿದ್ದು. ತವರಿನವರ ಮನಸ್ಸು ಮುಖ್ಯ. ಹೀಗೆ ಒಂದೊಂದನ್ನೇ ಬಿಡುತ್ತಾ ಹೋದರೆ ನಾಳೆ ಹುತ್ತರಿಯ ಈಡನ್ನೂ ಬಿಡಿ ಎನ್ನುತ್ತೀರಿ.

ಮಡಿಕೇರಿ–ಲೀಡ್ಸ್
ಹುತ್ತರಿಯ ಈಡನ್ನು ಬಿಡಿ ಎಂದು ಯಾರೂ ಹೇಳಿಲ್ಲ. ಕದಿರು ಕೊಯ್ಯುವಾಗ ಮನೆಯ ಹಿರಿಯರು ಆಕಾಶಕ್ಕೆ ಹಾರಿಸುವುದು ಬೇಟೆಯಲ್ಲ. ಗದ್ದೆಯಲ್ಲಿ ಸೇರಿದ ಜನರಿಂದ ದೂರ ನಿಲ್ಲಲಿ, ಅಷ್ಟು ಸಾಕು. ಸಂಭ್ರಮಕ್ಕೆ ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಶಿಕ್ಷೆಯಿದೆ.

ವಿರಾಜಪೇಟೆಯವರೇ, ಅಣ್ಣನಿಗೆ ನೀತಿ ಹೇಳಲು ಹೋಗಬೇಡಿ. ಹೊರಡುವ ಮೊದಲೇ ಫೋನ್ ಮಾಡಿ, ಮಗನ ಓಸಿಐಗೆ ತೊಂದರೆಯಾದೀತು, ನಿಮ್ಮ ಜೀಪೂ ಕೋವಿಯೂ ಹೋದಾವು, ಆ ವಿಡಿಯೋ ಅಳಿಸಲು ಹುಡುಗನಿಗೆ ಹೇಳು ಎನ್ನಿ. ಅಣ್ಣನ ಮಗನಿಗೆ ಗುರಿಯ ಹುಚ್ಚಿದ್ದರೆ ಮುಂದಿನ ಸಲ ಸೆಪ್ಟೆಂಬರಿನಲ್ಲಿ ಆಯುಧಗಳ ಹಬ್ಬ ಕೈಲ್‌ಮುಹೂರ್ತಕ್ಕೆ ಬರುತ್ತೇವೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಇಬ್ಬರೂ ಜೊತೆಯಾಗಿ ಹೋಗೋಣ ಎಂದು ಮಗನಿಂದಲೇ ಹೇಳಿಸಿ. ಅಲ್ಲಿ ಹಗಲಿರುತ್ತದೆ, ನೋಡಿಕೊಳ್ಳುವ ಹಿರಿಯರಿರುತ್ತಾರೆ, ಗುರಿಯ ಹಿಂದೆ ಯಾರೂ ಇಲ್ಲವೆಂದು ನೋಡಿಯೇ ಕಾಯಿ ಕಟ್ಟಿರುತ್ತಾರೆ.